ಹಿಮದ ಇಳಿಜಾರಿನಲ್ಲಿ ಸ್ನೋಮೊಬೈಲ್: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಚಳಿಗಾಲದ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಎಂಜಿನ್ ಗಾಡಿ) ಸವಾರಿ ಮತ್ತು ಹಿಮಕುಸಿತದ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವು ಕೆನಡಾದ ಆಲ್ಬರ್ಟಾ ಮತ್ತು ಬ್ರಿಟಿಷ್ ಕೊಲಂಬಿಯಾದಲ್ಲಿ ನೆಲೆಸಿರುವ ಕನ್ನಡಿಗರವು, ಮೂರು ನಮ್ಮ ಕಡೆಯವು. ರೆಸಾರ್ಟಿನವರು ಕಾಯುವ ಹಾದಿಗಳ ಮಾತು ಇಲ್ಲಿಲ್ಲ. ಯಾರೂ ಕಾವಲಿರದ, ಸ್ಫೋಟಕ ಇಟ್ಟು ಹಿಮವನ್ನು ಮೊದಲೇ ಕೆಡವದ ಬೆಟ್ಟಗಳ ಮಾತು.

ಪ್ರಶ್ನೆ: ಆಫೀಸಿನ ಗೆಳೆಯರು ಬ್ರಿಟಿಷ್ ಕೊಲಂಬಿಯಾದ ರೆವೆಲ್‌ಸ್ಟೋಕ್‌ಗೆ ಸ್ನೋಮೊಬೈಲ್ ಓಡಿಸಲು ಕರೆಯುತ್ತಿದ್ದಾರೆ. ಗಾಡಿ ಬಾಡಿಗೆಗೆ ಸಿಗುತ್ತದಂತೆ. ಗುಂಪಿನಲ್ಲಿ ಹತ್ತು ವರ್ಷದ ಅನುಭವ ಇರುವವರು ಒಬ್ಬರಿದ್ದಾರೆ. ಅಷ್ಟು ಸಾಕಲ್ಲವೇ? (ಕ್ಯಾಲ್ಗರಿ)

ಸಾಲದು. ಹಿಮದಡಿ ಹೂತುಹೋದವರು ಆ ಅನುಭವಿಯೇ ಆದರೆ ಹುಡುಕುವವರು ಯಾರು? ಗುಂಪಿನಲ್ಲಿ ಬೀಕನ್ (ಮೈಗೆ ಕಟ್ಟಿಕೊಳ್ಳುವ, ಸಂಕೇತ ಕಳಿಸುವ ಮತ್ತು ಹೂತವರ ಸಂಕೇತ ಹುಡುಕುವ ಪುಟ್ಟ ರೇಡಿಯೊ) ಬಳಸಲು ಬಾರದ ಪ್ರತಿಯೊಬ್ಬರೂ ಉಳಿದವರ ಜೀವದ ಮೇಲೆ ಸಾಲ ಮಾಡಿದ ಹಾಗೆ.

ಈಗಿನ ಬೆಟ್ಟದ ಸ್ನೋಮೊಬೈಲ್‌ಗಳಿಗೆ ಹೆಚ್ಚುಕಡಿಮೆ 160 ಇಂಚಿನ ಟ್ರ್ಯಾಕ್ (ಗಾಡಿಯನ್ನು ಮುಂದೆ ತಳ್ಳುವ ಸುತ್ತುಪಟ್ಟಿ), ಅದರ ಮೇಲೆ ಹಿಮ ಹಿಡಿಯಲು ಮೂರು ಇಂಚಿನವರೆಗಿನ ಪ್ಯಾಡಲ್ ಇರುತ್ತವೆ. ಸ್ಕೀ ಕಟ್ಟಿಕೊಂಡವರು ಗಂಟೆಗಟ್ಟಲೆ ಏರುವ ಇಳಿಜಾರನ್ನು ಹೊಸಬರೂ ಕೆಲವೇ ನಿಮಿಷಗಳಲ್ಲಿ ಏರಿಬಿಡುತ್ತಾರೆ. ತೊಂದರೆ ಶುರುವಾಗುವುದೇ ಇಲ್ಲಿ. ನಿಧಾನವಾಗಿ ಏರುವವರಿಗೆ ಬೆಟ್ಟ ಸುಳಿವು ಕೊಡುತ್ತಾ ಹೋಗುತ್ತದೆ. ಕಾಲಡಿ ‘ವುಂಫ್’ ಎಂದು ಹಿಮ ಕುಗ್ಗುವ ಸದ್ದು ಕೇಳುತ್ತದೆ, ಸ್ಕೀ ಮುಂದೆ ಬಿರುಕು ಓಡುವುದು ಕಾಣುತ್ತದೆ. ಎಂಜಿನ್ನಿನ ಅಬ್ಬರದಲ್ಲಿ, ಹೆಲ್ಮೆಟ್ಟಿನೊಳಗೆ, ನಿಮಗೆ ಅದರಲ್ಲಿ ಅರ್ಧವೂ ಮುಟ್ಟುವುದಿಲ್ಲ. ಆದ್ದರಿಂದ ಹೊಸ ಕಣಿವೆಗೆ ಕಾಲಿಟ್ಟಾಗಲೆಲ್ಲ ಸುರಕ್ಷಿತ ಜಾಗ ನೋಡಿ ಎಂಜಿನ್ ನಿಲ್ಲಿಸಿ, ಇಳಿದು, ಸುತ್ತ ನೋಡಿ. ಇತ್ತೀಚೆಗೆ ತಾನಾಗಿ ಕುಸಿದ ಇಳಿಜಾರು ಕಂಡರೆ ಅದೇ ದಿಕ್ಕಿಗೆ, ಅದೇ ಎತ್ತರದಲ್ಲಿರುವ ಮಿಕ್ಕ ಇಳಿಜಾರುಗಳೂ ಕಾಯುತ್ತಾ ಕೂತಿವೆ ಎಂದೇ ತಿಳಿಯಿರಿ.

ಹೆಚ್ಚಿನ ಹಿಮಕುಸಿತಗಳು 30ರಿಂದ 45 ಡಿಗ್ರಿ ಓರೆಯ ಇಳಿಜಾರಿನಲ್ಲಿ ಆಗುತ್ತವೆ. ಸವಾರಿಗೆ ಮಜಾ ಅನ್ನಿಸುವುದೂ ಹೆಚ್ಚುಕಡಿಮೆ ಅಷ್ಟೇ ಓರೆ, ದುರದೃಷ್ಟ. ಕಣ್ಣಂದಾಜನ್ನು ನಂಬಬೇಡಿ, ಫೋನಿನ ಕೋನಮಾಪಕದಲ್ಲಿ ಅಳೆಯಿರಿ. ಕೊಲ್ಲುವ ಕುಸಿತಗಳಲ್ಲಿ ಬಹುಪಾಲು ಚಪ್ಪಡಿ ಕುಸಿತ: ರಾಗಿ ಹರಡಿ ಅದರ ಮೇಲೆ ಕಡಪ ಕಲ್ಲು ಹಾಸಿ ಓರೆ ಮಾಡಿದಂತೆ. ರಾಗಿಯ ಜಾಗದಲ್ಲಿರುವುದು ಹಳೆಯ ಇಬ್ಬನಿ ಹರಳುಗಳ ಅಥವಾ ಸಕ್ಕರೆಯಂತೆ ಉದುರುವ ಹಿಮದ ತೆಳು ಪದರ. ಅದು ಮೇಲಿಂದ ಕಾಣಿಸುವುದಿಲ್ಲ, ಕೆಲವೊಮ್ಮೆ ವಾರಗಟ್ಟಲೆ ಹಾಗೇ ಉಳಿಯುತ್ತದೆ. ಇಂಥ ಪದರ ಇದ್ದ ದಿನ ಇಳಿಜಾರಿನ ಬುಡದ ಸಮತಟ್ಟಿನಲ್ಲಿ ಗಾಡಿ ಓಡಿಸಿದರೂ ಮೇಲಿನ ಹಿಮ ಕಳಚಿ ಬರಬಹುದು.

ಹೋಗುವ ಮೊದಲು ಎಎಸ್‌ಟಿ–1 ಎಂಬ ಎರಡು ದಿನದ ಹಿಮಕುಸಿತ ತರಬೇತಿ ಮುಗಿಸಿ. ಸ್ನೋಮೊಬೈಲ್ ಸವಾರರಿಗೆಂದೇ ನಡೆಯುವ ತರಗತಿಗಳಿವೆ, ಅದನ್ನೇ ಆರಿಸಿಕೊಳ್ಳಿ. ಬಾಡಿಗೆ ಅಂಗಡಿಯಲ್ಲಿ ಬೀಕನ್, ಪ್ರೋಬ್ (ಹೂತವರನ್ನು ಹುಡುಕಲು ಹಿಮಕ್ಕೆ ಚುಚ್ಚುವ ಉದ್ದ ಕೋಲು), ಸಲಿಕೆ ಕೊಡುತ್ತಾರೆಯೇ ಎಂದು ಕೇಳಿ. ಕೊಟ್ಟರೆ ಹಿಂದಿನ ಸಂಜೆಯೇ ತಂದು, ಯಾವ ಬಟನ್ ಯಾವುದಕ್ಕೆ ಎಂದು ಪಾರ್ಕಿನಲ್ಲಿ ಅಭ್ಯಾಸ ಮಾಡಿ. ಬೀಕನ್ ಮೈಗೆ ಕಟ್ಟಿರಬೇಕು, ಪ್ರೋಬ್ ಮತ್ತು ಸಲಿಕೆ ಬೆನ್ನಿನ ಚೀಲದಲ್ಲಿರಬೇಕು. ಗಾಡಿಯ ಹಿಂಬದಿಗೆ ಬಿಗಿದ ಸಲಿಕೆ ಗಾಡಿಯ ಜೊತೆಯಲ್ಲೇ ಹೂತುಹೋಗುತ್ತದೆ.

ಪ್ರಶ್ನೆ: ಹಿಮಕುಸಿತದ ಮುನ್ಸೂಚನೆಯಲ್ಲಿ 5ಕ್ಕೆ 3 ಎಂದಿದ್ದರೆ ನಡುಮಧ್ಯ ಅಂತಲೇ ಅರ್ಥ ಅಲ್ಲವೇ? ಹೋಗಬಹುದಲ್ಲ? (ಸರ್ರೆ)

ಪರೀಕ್ಷೆಯ ಅಂಕದಂತೆ ಓದಿದರೆ ಹಾಗನಿಸುತ್ತದೆ. ಈ ಮಾಪಕ ಸಮ ಹೆಜ್ಜೆಯಲ್ಲಿ ಏರುವುದಿಲ್ಲ, ಒಂದೊಂದು ಮೆಟ್ಟಿಲಿಗೂ ಅಪಾಯ ಹಲವು ಪಟ್ಟು ಬೆಳೆಯುತ್ತದೆ. 2ರಲ್ಲಿ ಮನುಷ್ಯರಿಂದ ಕುಸಿತ ಆಗಬಹುದು. 3ರಲ್ಲಿ ಆಗುವ ಸಂಭವವೇ ಹೆಚ್ಚು. 4ರಲ್ಲಿ ಯಾರೂ ಮುಟ್ಟದಿದ್ದರೂ ತಾನಾಗಿ ಆಗುವ ಸಂಭವ ಹೆಚ್ಚು. 4, 5 ಇದ್ದ ದಿನ ಜನ ತಾವಾಗಿಯೇ ಹಿಂಜರಿಯುತ್ತಾರೆ. 3 ಇದ್ದ ದಿನ ಆಕಾಶ ತಿಳಿಯಾಗಿರುತ್ತದೆ, ಹೊಸ ಹಿಮ ಬಿದ್ದಿರುತ್ತದೆ, ಎಲ್ಲರೂ ಹೊರಡುತ್ತಾರೆ. ಸಾವುಗಳೂ ಅಲ್ಲೇ ಗುಂಪುಗೂಡಿವೆ.

ಸಂಖ್ಯೆ ನೋಡಿ ಮುಚ್ಚಿಡಬೇಡಿ. ರೆವೆಲ್‌ಸ್ಟೋಕ್‌ನಲ್ಲೇ ಕೇಂದ್ರ ಕಚೇರಿ ಇರುವ ‘ಅವಲಾಂಚ್ ಕೆನಡಾ’ ಸಂಸ್ಥೆ ಚಳಿಗಾಲದುದ್ದಕ್ಕೂ ದಿನಾ ಮುನ್ಸೂಚನೆ ಹೊರಡಿಸುತ್ತದೆ. ಮರಗಳ ಗಡಿಯ ಮೇಲೆ, ಗಡಿಯಲ್ಲಿ, ಗಡಿಯ ಕೆಳಗೆ ಎಂದು ಮೂರು ಎತ್ತರಕ್ಕೂ ಬೇರೆ ಬೇರೆ ಸಂಖ್ಯೆ ಇರುತ್ತದೆ. ಅದರ ಕೆಳಗಿನ ಭಾಗವೇ ಮುಖ್ಯ: ತೊಂದರೆ ಗಾಳಿ ಕಟ್ಟಿದ ಚಪ್ಪಡಿಯದೋ, ಹೊಸ ಬಿರುಗಾಳಿ ಹಿಮದ್ದೋ, ಆಳದ ಹಳೆಯ ದುರ್ಬಲ ಪದರದ್ದೋ, ಯಾವ ದಿಕ್ಕಿನ ಇಳಿಜಾರಿನಲ್ಲಿ, ಎಷ್ಟು ದೊಡ್ಡದು? ಗಾಳಿಯ ಚಪ್ಪಡಿ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಸರಿಹೋಗುತ್ತದೆ, ಅದನ್ನು ಗುರುತಿಸಿ ಬದಿಗೆ ಸರಿಯಲೂಬಹುದು. ಹಳೆಯ ಆಳದ ಪದರಕ್ಕೆ ಅಂಥ ಉಪಾಯವಿಲ್ಲ. ಆ ಹೆಸರು ಕಂಡ ದಿನ ದೊಡ್ಡ ಇಳಿಜಾರನ್ನು ಬಿಟ್ಟು, ಮೇಲೆ ಓರೆಯೇ ಇಲ್ಲದ ಬಯಲಿನಲ್ಲಿ ಓಡಿಸಿ. ಆ ಪದರ ಬೆಟ್ಟದ ತುಂಬ ಒಂದೇ ಆಳದಲ್ಲಿ ಇರುವುದಿಲ್ಲ. ಹಿಮ ತೆಳುವಾಗಿರುವ ಕಡೆ, ಬಂಡೆಯ ಪಕ್ಕ, ಅಂಚಿನಲ್ಲಿ ಅದು ಮೇಲಕ್ಕೆ ಬಂದಿರುತ್ತದೆ. ಹತ್ತು ಗಾಡಿ ಏರಿ ಇಳಿದ ಇಳಿಜಾರು ಹನ್ನೊಂದನೆಯದಕ್ಕೆ ಬಾಯಿಬಿಡುವುದು ಹೀಗೆ. ಹಿಮದ ಮೇಲೆ ಮೂಡಿದ ಗಾಡಿಗಳ ಗುರುತುಗಳು ಸುರಕ್ಷಿತ ಎಂಬುದಕ್ಕೆ ಸಾಕ್ಷಿ ಅಲ್ಲವೇ ಅಲ್ಲ.

ಪ್ರಶ್ನೆ: ಇಳಿಜಾರಿನ ಮಧ್ಯದಲ್ಲಿ ಗೆಳೆಯರ ಗಾಡಿ ಸಿಕ್ಕಿಬಿದ್ದರೆ ನಾವು ತಕ್ಷಣ ಇನ್ನೊಂದು ಗಾಡಿಯಲ್ಲಿ ಹೋಗಿ ಎಳೆಯುತ್ತೇವೆ. ಹಾಗೆ ಮಾಡಬಾರದು ಎಂದು ಒಬ್ಬರು ಗದರಿದರು. ಸಹಾಯ ಮಾಡುವುದೂ ತಪ್ಪೇ? (ಎಡ್ಮಂಟನ್)

ಗದರಿದವರು ಸರಿಯಾಗಿಯೇ ಹೇಳಿದ್ದಾರೆ. ಸವಾರರ ಸಮೇತ ಮುನ್ನೂರು ಕಿಲೋ ಮುಟ್ಟುವ ಗಾಡಿಯೊಂದು ಈಗಾಗಲೇ ಆ ಹಿಮದ ಮೇಲೆ ಅಗೆದುಕೊಂಡು ಕೂತಿದೆ. ನೀವು ಹೋದರೆ ಭಾರ ಇಮ್ಮಡಿ. ಕುಸಿದರೆ ಹೂತವರು ಒಬ್ಬರ ಬದಲು ಇಬ್ಬರು, ಹುಡುಕುವವರು ಒಬ್ಬರು ಕಡಿಮೆ. ಅದರಲ್ಲೂ ಒಬ್ಬರಿಗಿಂತ ಒಬ್ಬರು ಮೇಲಕ್ಕೆ ಗುರುತು ಬಿಡಲು ಪೈಪೋಟಿಯಲ್ಲಿ ಏರುವ ‘ಹೈಮಾರ್ಕಿಂಗ್’ ಆಟದಲ್ಲಿ ಗಾಡಿ ಸಿಕ್ಕಿಕೊಳ್ಳುವುದು ತಿರುಗುವ ಜಾಗದಲ್ಲಿ, ಅಂದರೆ ಇಳಿಜಾರಿನ ಅತಿ ಕಡಿದಾದ ಭಾಗದಲ್ಲಿ.

ಸಿಕ್ಕಿಕೊಂಡವರು ಎಂಜಿನ್ ನಿಲ್ಲಿಸಿ, ಬೆನ್ನಿನ ಸಲಿಕೆ ತೆಗೆದು, ಟ್ರ್ಯಾಕಿನ ಕೆಳಬದಿಯ ಹಿಮ ಅಗೆದು, ಮುಂದಿನ ಸ್ಕಿಗಳನ್ನು ಎಳೆದು ಮೂತಿಯನ್ನು ಇಳಿಜಾರಿನ ಕೆಳಕ್ಕೆ ತಿರುಗಿಸಿಕೊಂಡು ತಾವೇ ಬಿಡಿಸಿಕೊಳ್ಳಬೇಕು. ಒಬ್ಬಂಟಿಯಾಗಿ ಇಷ್ಟು ಮಾಡಲು ಬಾರದಿದ್ದರೆ ಆ ಇಳಿಜಾರು ಅವರದಲ್ಲ. ಕೆಳಗಿರುವವರ ಕೆಲಸ ಕಣ್ಣು ತೆಗೆಯದೆ ನೋಡುತ್ತಿರುವುದು. ಗಾಯವಾಗಿದ್ದರೆ ಮಾತು ಬೇರೆ. ಆಗಲೂ ಹೋಗುವುದು ಒಬ್ಬರೇ, ಯಾವ ದಾರಿಯಲ್ಲಿ ಎಂದು ಎಲ್ಲರೂ ಒಪ್ಪಿದ ಮೇಲೆ.

ಕೆಳಗೆ ಕಾಯುವವರು ನಿಲ್ಲುವ ಜಾಗದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. 2010ರ ಮಾರ್ಚ್ 13ರಂದು ರೆವೆಲ್‌ಸ್ಟೋಕ್ ಹತ್ತಿರದ ಬೌಲ್ಡರ್ ಮೌಂಟನ್‌ನಲ್ಲಿ ಒಂದು ಸ್ನೋಮೊಬೈಲ್ ಕೂಟ ನಡೆದಿತ್ತು. ಕೆಲವರು ಇಳಿಜಾರು ಏರುತ್ತಿದ್ದರು, ಸುಮಾರು ಇನ್ನೂರು ಮಂದಿ ಬುಡದಲ್ಲಿ ಸೇರಿದ್ದರು. ಮೇಲಿಂದ ಕಳಚಿದ ಹಿಮ ನೇರ ಈ ಗುಂಪಿನ ಮೇಲೆ ಬಂತು. ಇಬ್ಬರು ಸತ್ತರು, ಮೂವತ್ತಕ್ಕೂ ಹೆಚ್ಚು ಮಂದಿಗೆ ಗಾಯ. ಬುಡದಲ್ಲಿದ್ದವರು ತಾವು ಏರುತ್ತಿಲ್ಲವಲ್ಲ ಎಂದು ನಿಶ್ಚಿಂತರಾಗಿರುತ್ತಾರೆ. ಆದರೆ ಕುಸಿದ ಹಿಮ ಬಂದು ನಿಲ್ಲುವುದು ಅಲ್ಲೇ. ಮುರಿದ ಕೊಂಬೆಗಳು, ಒಂದೇ ಕಡೆಗೆ ಬಾಗಿದ ಎಳೆ ಮರಗಳು, ಕಾಡಿನ ನಡುವೆ ಬೋಳಾದ ಪಟ್ಟಿ, ಇವು ಆ ಹಾದಿಯ ಗುರುತುಗಳು. ಅದರಿಂದ ಸಾಕಷ್ಟು ಹೊರಗೆ, ಗಾಡಿಗಳನ್ನು ಒಂದರ ಹಿಂದೊಂದು ಅಲ್ಲದೆ ಪಕ್ಕಪಕ್ಕ, ಬೆಟ್ಟಕ್ಕೆ ಬೆನ್ನು ಮಾಡಿ ನಿಲ್ಲಿಸಿ. ಹೆಲ್ಮೆಟ್, ಬೆನ್ನಿನ ಚೀಲ ಬಿಚ್ಚಬೇಡಿ. ಊಟದ ಹೊತ್ತಿಗೆ ಚೀಲ ಗಾಡಿಯ ಮೇಲೆ ಎಸೆದು ಹರಟೆಗೆ ಕೂರುವುದು ಎಲ್ಲ ಗುಂಪುಗಳಲ್ಲೂ ಕಾಣುವ ಚಾಳಿ.

ಎರಡನೆಯ ಕುಸಿತದ ಭಯವೂ ನಿಜ. 2008ರ ಡಿಸೆಂಬರ್ 28ರಂದು ಫರ್ನಿ ಹತ್ತಿರದ ಹಾರ್ವೆ ಪಾಸ್‌ನಲ್ಲಿ ಸ್ಪಾರ್‌ವುಡ್‌ನ ಹನ್ನೊಂದು ಸವಾರರಿದ್ದರು. ಮೊದಲ ಕುಸಿತದಲ್ಲಿ ಕೆಲವರು ಹೂತರು. ಜೊತೆಯವರು ಬಂದು ಅಗೆಯುತ್ತಿದ್ದಾಗ ಇನ್ನೊಂದು ಕುಸಿತ ಅವರನ್ನೂ ಮುಚ್ಚಿತು. ಎಂಟು ಜನ ಉಳಿಯಲಿಲ್ಲ. ಹುಡುಕಲು ಓಡುವ ಮೊದಲು ಮೇಲೆ ಇನ್ನೇನು ನೇತಾಡುತ್ತಿದೆ ಎಂದು ತಲೆಯೆತ್ತಿ ನೋಡುವ ಐದು ಸೆಕೆಂಡು ವ್ಯರ್ಥವಲ್ಲ.

ಕೊನೆಗೆ ಹೊಣೆ ಯಾರದು ಎಂದರೆ ನೇರ ಉತ್ತರ: ಆ ಬೆಟ್ಟದಲ್ಲಿ ‘ಹೋಗಬಹುದು’ ಎಂದು ಮೊಹರು ಹಾಕಿ ಕೊಡುವ ಅಧಿಕಾರಿ ಇಲ್ಲ. ಥ್ರಾಟಲ್ ಒತ್ತುವವರದೇ ತೀರ್ಮಾನ, ಮತ್ತು ಆ ತೀರ್ಮಾನದ ಅಡಿಯಲ್ಲಿ ನಿಂತಿರುವ ಬೇರೆಯವರೂ ಅವರ ಲೆಕ್ಕಕ್ಕೇ ಸೇರುತ್ತಾರೆ. ಕೆಳಗೆ ಬೇರೆ ಗುಂಪಿನವರು, ಮಕ್ಕಳ ಜೊತೆ ಬಂದವರು ಇದ್ದರೆ ಅವರು ಸರಿಯುವ ತನಕ ಏರಬಾರದು. ಗುಂಪಿನೊಳಗೆ ಒಂದೇ ಕಟ್ಟಳೆ ಇಟ್ಟುಕೊಳ್ಳಿ: ಒಬ್ಬರು ‘ಬೇಡ’ ಎಂದರೆ ಬೇಡ, ಕಾರಣ ಕೇಳಬಾರದು, ಸಂಜೆ ಗೇಲಿಯೂ ಮಾಡಬಾರದು.

ಪ್ರಶ್ನೆ: ಏರ್‌ಬ್ಯಾಗ್ ಇರುವ ಬೆನ್ನಿನ ಚೀಲ ತೆಗೆದುಕೊಂಡಿದ್ದೇನೆ. ಬೀಕನ್ನಿಗೂ ದುಡ್ಡು ಹಾಕಬೇಕೇ? (ರೆಡ್ ಡಿಯರ್)

ಹಾಕಬೇಕು. ಏರ್‌ಬ್ಯಾಗ್ ನಿಮ್ಮ ಗಾತ್ರವನ್ನು ಹಿಗ್ಗಿಸಿ, ಹರಿಯುವ ಹಿಮದಲ್ಲಿ ಮೇಲ್ಭಾಗಕ್ಕೆ ತರಲು ನೆರವಾಗುತ್ತದೆ, ಅಷ್ಟೇ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಕುಸಿತದಲ್ಲಿ ಗಂಭೀರವಾಗಿ ಸಿಕ್ಕವರ ಸಾವಿನ ಪ್ರಮಾಣ ಚೀಲ ಉಬ್ಬಿದಾಗ 22 ಪ್ರತಿಶತದಿಂದ 11ಕ್ಕೆ ಇಳಿಯಿತು. ಐದರಲ್ಲಿ ಒಂದು ಸಲ ಚೀಲ ಉಬ್ಬಲೇ ಇಲ್ಲ, ಅದಕ್ಕೆ ದೊಡ್ಡ ಕಾರಣ ಸಿಕ್ಕವರು ಚೀಲ ಉಬ್ಬಿಸುವ ಹಿಡಿಯನ್ನು ಎಳೆಯದೇ ಹೋದದ್ದು. ಬೆಳಿಗ್ಗೆ ಹೊರಡುವಾಗಲೇ ಹಿಡಿಯನ್ನು ಜಿಪ್ಪಿನಿಂದ ಹೊರತೆಗೆದು, ತೊಡೆಯ ಪಟ್ಟಿ ಹಾಕಿ (ಹಾಕದಿದ್ದರೆ ಚೀಲ ತಲೆಯ ಮೇಲೆ ಕಳಚಿಹೋಗುತ್ತದೆ), ಸಿಲಿಂಡರಿನ ತೂಕ ಅಥವಾ ಬ್ಯಾಟರಿ ನೋಡಿಕೊಳ್ಳಿ. ಮರಕ್ಕೆ, ಬಂಡೆಗೆ ಬಡಿಯುವುದನ್ನು ಚೀಲ ತಡೆಯುವುದಿಲ್ಲ, ಕಿರಿದಾದ ಹಳ್ಳದಲ್ಲಿ ಹಿಮ ರಾಶಿಬಿದ್ದರೆ ಅದೂ ನಿಮ್ಮ ಜೊತೆ ಅಡಿಯಲ್ಲೇ.

ಪ್ರಶ್ನೆ: ಅಭ್ಯಾಸ ಮಾಡುವಾಗ ಬೀಕನ್ನಿನ ಬಾಣ ಅತ್ತಿತ್ತ ಜಿಗಿಯುತ್ತದೆ. ಉಪಕರಣ ಕೆಟ್ಟಿದೆಯೇ? (ಕೆಲೋನಾ)

ಬಹುಶಃ ಕೆಟ್ಟಿಲ್ಲ. ಎಲ್ಲ ಬೀಕನ್‌ಗಳೂ 457 ಕಿಲೋಹರ್ಟ್ಸ್‌ನಲ್ಲಿ ಮಾತಾಡುತ್ತವೆ, ಸುತ್ತಲಿನ ವಿದ್ಯುತ್ ಸಾಮಾನಿನ ಅಡಚಣೆ ಅದನ್ನು ಕೆಡಿಸುತ್ತದೆ. ಸ್ನೋಮೊಬೈಲ್ ಸವಾರರ ಮೈಮೇಲೆ ಈ ಅಡಚಣೆ ಮಾಡುವ ಸಾಮಾನೇ ಜಾಸ್ತಿ: ಬಿಸಿಯಾಗುವ ಕೈಗವಸು ಮತ್ತು ಜಾಕೆಟ್, ಫೋನ್, ರೇಡಿಯೊ, ಹೆಲ್ಮೆಟ್ ಕ್ಯಾಮೆರಾ, ಜಿಪಿಎಸ್. ಕಳಿಸುವ ಸ್ಥಿತಿಯಲ್ಲಿ ಬೀಕನ್ ಇವುಗಳಿಂದ 20 ಸೆಂ.ಮೀ., ಹುಡುಕುವ ಸ್ಥಿತಿಯಲ್ಲಿ 50 ಸೆಂ.ಮೀ. ದೂರ ಇರಬೇಕು. ಆಯಸ್ಕಾಂತದ ಗುಂಡಿಗಳಿರುವ ಜೇಬಿನಲ್ಲಿ ಇಡಬೇಡಿ. ಹುಡುಕುವಾಗ ಹತ್ತಿರದ ಗಾಡಿಗಳ ಎಂಜಿನ್ ಎಲ್ಲ ಬಂದ್.

ಬ್ಯಾಟರಿ ವಿಚಾರದಲ್ಲಿ ಜಿಪುಣತನ ಬೇಡ. ತಯಾರಕರು ಬೇರೆ ಹೇಳದಿದ್ದರೆ ಆಲ್ಕಲೈನ್ ಮಾತ್ರ, ರೀಚಾರ್ಜ್ ಮಾಡುವಂಥದ್ದಲ್ಲ. ಅರ್ಧಕ್ಕೆ ಇಳಿಯುವ ಮೊದಲೇ ಬದಲಿಸಿ, ತೆಗೆದದ್ದನ್ನು ಟಿವಿ ರಿಮೋಟಿಗೆ ಹಾಕಿ. ಬೇಸಿಗೆಯಲ್ಲಿ ಹೊರತೆಗೆದಿಡಿ, ಸೋರಿ ತುಕ್ಕು ಹಿಡಿಸುತ್ತವೆ. ಪ್ರತಿ ಬೆಳಿಗ್ಗೆ ಹೊರಡುವ ಜಾಗದಲ್ಲಿ ಒಬ್ಬರು ಹುಡುಕುವ ಸ್ಥಿತಿಗೆ ಹಾಕಿ ನಿಲ್ಲಲಿ, ಉಳಿದವರು ಒಬ್ಬೊಬ್ಬರಾಗಿ ದಾಟಲಿ. ಆಮೇಲೆ ನಿಂತವರ ಬೀಕನ್ ಕಳಿಸುತ್ತಿದೆಯೇ ಎಂದು ಇನ್ನೊಬ್ಬರು ನೋಡಲಿ. ಮರೆತುಹೋಗುವುದು ಯಾವಾಗಲೂ ಈ ಕೊನೆಯ ತಪಾಸಣೆ.

ಪ್ರಶ್ನೆ: ನಮ್ಮ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಬದುಕಿದ್ದರು. ಹಾಗಿದ್ದ ಮೇಲೆ ಹತ್ತೇ ನಿಮಿಷ ಎಂದು ಏಕೆ ಹೆದರಿಸುತ್ತಾರೆ? (ಧಾರವಾಡ)

ಬೆಟದೂರಿನ ಲಾನ್ಸ್ ನಾಯಕ್ ಕೊಪ್ಪದ ಅವರಿದ್ದ ಸಿಯಾಚಿನ್‌ನ ಸೋನಮ್ ಠಾಣೆ ಸುಮಾರು 19,600 ಅಡಿ ಎತ್ತರದ್ದು. 2016ರ ಫೆಬ್ರವರಿ 3ರಂದು ಠಾಣೆಯ ಮೇಲೆ ಹಿಮ ಕುಸಿಯಿತು, 8ರಂದು ಅವರು ಜೀವಂತವಾಗಿ ಸಿಕ್ಕರು, 11ರಂದು ದೆಹಲಿಯಲ್ಲಿ ತೀರಿಕೊಂಡರು. ಜೊತೆಗಿದ್ದ ಒಂಬತ್ತು ಮಂದಿ ಅಲ್ಲೇ ಸತ್ತಿದ್ದರು. ಅವರು ಟೆಂಟಿನೊಳಗಿದ್ದರು, ಅಲ್ಲಿ ಉಳಿದಿದ್ದ ಗಾಳಿಯ ಪೊಳ್ಳು ಅವರನ್ನು ಅಷ್ಟು ದಿನ ಉಳಿಸಿತು ಎಂದು ಆಗ ವರದಿಯಾಗಿತ್ತು. ಬಯಲಿನಲ್ಲಿ ಹೂತವರಿಗೆ ಅಂಥ ಗೋಡೆ, ಚಾವಣಿ ಏನೂ ಇರುವುದಿಲ್ಲ. ಹಿಮ ಬಾಯಿ ಮೂಗಿಗೆ ಒತ್ತಿರುತ್ತದೆ, ಉಸಿರಿನ ತೇವ ಮುಖದ ಸುತ್ತ ಮಂಜುಗಡ್ಡೆಯ ಮುಸುಕಾಗುತ್ತದೆ, ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಕೊಲ್ಲುವುದು ಹೆಚ್ಚಾಗಿ ಉಸಿರುಕಟ್ಟು, ಚಳಿಯಲ್ಲ. ಹತ್ತು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಮೂರರಲ್ಲಿ ಒಬ್ಬರು. ಹೆಲಿಕಾಪ್ಟರ್ ಅಷ್ಟರೊಳಗೆ ಬರುವುದಿಲ್ಲ.

ಪ್ರಶ್ನೆ: ಹಾಗಾದರೆ ಆ ಹತ್ತು ನಿಮಿಷದಲ್ಲಿ ಏನೇನು, ಯಾವ ಕ್ರಮದಲ್ಲಿ ಮಾಡಬೇಕು? (ಕ್ಯಾಲ್ಗರಿ, ಇನ್ನೊಬ್ಬ ಓದುಗರು)

ಮೊದಲು ಸಿಕ್ಕಿಕೊಂಡವರ ಕಡೆಯಿಂದ. ಹಿಮ ಕಳಚುವುದು ಕಂಡ ಕೂಡಲೇ ಏರ್‌ಬ್ಯಾಗ್ ಎಳೆದು, ವೇಗ ಇದ್ದರೆ ಬದಿಗೆ ಓರೆಯಾಗಿ ಓಡಿಸಿ ಹೊರಬರಲು ನೋಡಬೇಕು. ಗಾಡಿ ಕೈತಪ್ಪಿದರೆ ಅದರಿಂದ ದೂರ ಸರಿಯಬೇಕು, ಉರುಳುವ ಗಾಡಿಯೇ ಮೂಳೆ ಮುರಿಯುತ್ತದೆ. ಹಿಮ ನಿಧಾನವಾಗುವಾಗ ಒಂದು ಕೈ ಮುಖದ ಮುಂದೆ.

ನೋಡುತ್ತಿರುವವರು ಕೊನೆಗೆ ಕಂಡ ಬಿಂದುವನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಬೇಕು. ಹುಡುಕಾಟ ಅದರ ಕೆಳಗಿನಿಂದ ಶುರು. ತಲೆ ಎಣಿಸಿ, ಒಬ್ಬರು ಮುಂದಾಳಾಗಿ, ಎಲ್ಲರ ಬೀಕನ್ನೂ ಹುಡುಕುವ ಸ್ಥಿತಿಗೆ. ಒಂದು ಬೀಕನ್ ಕಳಿಸುತ್ತಲೇ ಇದ್ದರೆ ಬಾಣ ಹುಡುಕುವವರ ಪಕ್ಕದವರನ್ನೇ ತೋರಿಸುತ್ತದೆ. ಉಪಗ್ರಹ ಸಂದೇಶ ಸಾಧನ ಇದ್ದರೆ ಒಬ್ಬರು ಎಸ್‌ಒಎಸ್ ಒತ್ತಲಿ, ಅದಕ್ಕೆ ಕೆಲವೇ ಸೆಕೆಂಡು. ಉಳಿದವರು ಕಾಯಬಾರದು.

ಸಂಕೇತ ಇನ್ನೂ ಸಿಗದಿದ್ದಾಗ 40–50 ಮೀಟರ್ ಅಂತರದ ಪಟ್ಟಿಗಳಲ್ಲಿ ಹಾವುನಡಿಗೆಯಲ್ಲಿ ಸಾಗಿ, ಕುಸಿತದ ಅಂಚಿನಿಂದ ಅದರ ಅರ್ಧದಷ್ಟೇ ದೂರ ಬಿಡಿ. ಕಣ್ಣು ನೆಲದ ಮೇಲೂ ಇರಲಿ: ಕೈಗವಸು, ಹೆಲ್ಮೆಟ್, ಹಿಮದಿಂದ ಚಾಚಿದ ಗಾಡಿಯ ಹ್ಯಾಂಡಲ್, ಎಲ್ಲವನ್ನೂ ಎಳೆದು ನೋಡಿ. ಸಂಕೇತ ಸಿಕ್ಕ ಮೇಲೆ ಬಾಣದ ಹಿಂದೆ ನಡೆಯಿರಿ. ದಾರಿ ಬಾಗಿದ ಗೆರೆಯಲ್ಲಿ ಹೋಗುತ್ತದೆ, ಸಂಖ್ಯೆ ಇಳಿಯುತ್ತಿದ್ದರೆ ಸರಿ. ಹತ್ತು ಮೀಟರ್ ಒಳಗೆ ಓಡಬೇಡಿ. ಮೂರು ಮೀಟರ್ ಬಂದಾಗ ಬೀಕನ್ನನ್ನು ಹಿಮಕ್ಕೆ ತಾಗಿಸಿ, ತಿರುಗಿಸದೆ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ನಿಧಾನವಾಗಿ ಸರಿಸಿ ಅತಿ ಸಣ್ಣ ಸಂಖ್ಯೆಯ ಬಿಂದು ಹಿಡಿಯಿರಿ. ಗಾಬರಿಯಲ್ಲಿ ಬೀಕನ್ನನ್ನು ಎದೆಯ ಎತ್ತರದಲ್ಲೇ ಬೀಸುವುದು ಇಲ್ಲಿ ಆಗುವ ದೊಡ್ಡ ತಪ್ಪು.

ಆ ಬಿಂದುವಿನಿಂದ ಪ್ರೋಬನ್ನು ಇಳಿಜಾರಿಗೆ ಲಂಬವಾಗಿ ಚುಚ್ಚಿ, 25 ಸೆಂ.ಮೀ. ಅಂತರದಲ್ಲಿ ಸುರುಳಿಯಾಗಿ ಹೊರಕ್ಕೆ ಹೋಗಿ. ಪ್ರೋಬ್ ಮೂರು ಮೀಟರ್ ಉದ್ದದ್ದಿರಲಿ. ತಾಗಿದರೆ ಅಲ್ಲೇ ಬಿಡಿ, ತೆಗೆಯಬೇಡಿ. ಆಳ ಓದಿಕೊಂಡು, ಅದರ ಒಂದೂವರೆ ಪಟ್ಟು ದೂರ ಇಳಿಜಾರಿನ ಕೆಳಬದಿಯಿಂದ ಅಗೆಯಲು ಶುರು ಮಾಡಿ: ಒಂದು ಮೀಟರ್ ಆಳವಾದರೆ ಒಂದೂವರೆ ಮೀಟರ್ ಕೆಳಗೆ. ನೇರ ತಲೆಯ ಮೇಲಿಂದ ತೋಡಿದರೆ ಬಾವಿಯಾಗುತ್ತದೆ, ಹೂತವರ ಉಸಿರಿನ ಜಾಗದ ಮೇಲೇ ನೀವು ನಿಂತಿರುತ್ತೀರಿ. ಹಿಮವನ್ನು ಎತ್ತಿ ಎಸೆಯದೆ ಹುಟ್ಟು ಹಾಕಿದಂತೆ ಹಿಂದಕ್ಕೆ ತಳ್ಳಿ, ಹಿಂದಿನವರು ಇನ್ನೂ ಹಿಂದಕ್ಕೆ ತಳ್ಳಲಿ, ಮುಂದಿನವರು ದಣಿಯುವ ಮೊದಲೇ ಜಾಗ ಬದಲಿಸಿ. ಕುಸಿದು ನಿಂತ ಹಿಮ ನಿಮಿಷಗಳಲ್ಲೇ ಗಟ್ಟಿಯಾಗುತ್ತದೆ, ಪ್ಲಾಸ್ಟಿಕ್ ಸಲಿಕೆ ಮುರಿಯುತ್ತದೆ, ಲೋಹದ್ದೇ ಬೇಕು. ಪೂರ್ತಿ ದೇಹ ಬಿಡಿಸುವ ತನಕ ಕಾಯದೆ ಮುಖ ಬಿಡಿಸಿ, ಬಾಯಿಯ ಹಿಮ ತೆಗೆಯಿರಿ, ಎದೆಯ ಮೇಲಿನ ಭಾರ ಇಳಿಸಿ. ಉಸಿರಿಲ್ಲದಿದ್ದರೆ ಸಿಪಿಆರ್ ಶುರು ಮಾಡಿ, ಬಾಯಿಗೆ ಉಸಿರು ಕೊಡುವುದನ್ನು ಬಿಡಬಾರದು, ಏಕೆಂದರೆ ಕೊರತೆ ಇರುವುದು ಉಸಿರಿನದೇ.

ಪ್ರಶ್ನೆ: ಫೆಬ್ರವರಿಯಲ್ಲಿ ಮಕ್ಕಳೊಂದಿಗೆ ಗುಲ್ಮಾರ್ಗ್‌ಗೆ ಹೋಗುತ್ತಿದ್ದೇವೆ. ಅಲ್ಲಿನ ಸ್ನೋಮೊಬೈಲ್ ಸವಾರಿಗೂ ಇಷ್ಟೆಲ್ಲ ಬೇಕೇ? (ಬೆಂಗಳೂರು, ವಿಜಯನಗರ)

ತಪ್ಪಲಿನ ಸಮತಟ್ಟಿನಲ್ಲಿ, ಚಾಲಕರ ಹಿಂದೆ ಕೂತು ಸುತ್ತು ಹೊಡೆಯುವುದಕ್ಕೆ ಬೇಡ. ಅಲ್ಲಿ ಹೆಲ್ಮೆಟ್ ಕೇಳಿ ಪಡೆಯುವುದು ಮುಖ್ಯ. ‘ಇನ್ನೂ ಮೇಲಕ್ಕೆ ಕರೆದೊಯ್ಯುತ್ತೇನೆ’ ಎಂದರೆ ಆ ದಿನದ ಎಚ್ಚರಿಕೆ ಏನಿದೆ ಎಂದು ಕೇಳಿ. ಉತ್ತರ ತಡವರಿಸಿದರೆ ಬೇಡವೆನ್ನಿ. ಗುಲ್ಮಾರ್ಗ್‌ನ ಮೇಲಿನ ಇಳಿಜಾರುಗಳಲ್ಲಿ 2023ರ ಫೆಬ್ರವರಿ 1ರಂದು ಪೋಲೆಂಡಿನ ಇಬ್ಬರು ಸ್ಕೀಯರುಗಳು, 2024ರ ಫೆಬ್ರವರಿ 22ರಂದು ರಷ್ಯಾದ ಒಬ್ಬರು ಹಿಮಕುಸಿತದಲ್ಲಿ ಸತ್ತಿದ್ದಾರೆ.

ಪ್ರಶ್ನೆ: ಮಗ ಕ್ಯಾಲ್ಗರಿಯಲ್ಲಿದ್ದಾನೆ, ವಾರಾಂತ್ಯಕ್ಕೆ ಸ್ನೋಮೊಬೈಲ್ ಎನ್ನುತ್ತಾನೆ. ಬೇಡ ಎಂದರೆ ಕೇಳುವುದಿಲ್ಲ. ನಾವು ಏನು ಕೇಳಿಟ್ಟುಕೊಳ್ಳಬೇಕು? (ಶಿವಮೊಗ್ಗ)

ಬೇಡ ಎನ್ನುವುದಕ್ಕಿಂತ ಕೇಳಿಟ್ಟುಕೊಳ್ಳುವುದೇ ಮೇಲು. ಯಾವ ಬೆಟ್ಟ, ಗಾಡಿ ಇಳಿಸುವ ಪಾರ್ಕಿಂಗ್ ಯಾವುದು, ಟ್ರಕ್ಕಿನ ನಂಬರ್, ಜೊತೆಗೆ ಯಾರು, ಅವರ ಮನೆಯವರ ಫೋನ್, ವಾಪಸು ಬರುವ ಹೊತ್ತು, ಆ ಹೊತ್ತು ಮೀರಿ ಎಷ್ಟು ಗಂಟೆಗೆ ಗಾಬರಿಪಡಬೇಕು. ಈ ಚೀಟಿ ನಿಮ್ಮ ಬಳಿ ಇರಲಿ, ಜೊತೆಗೆ ಕ್ಯಾಲ್ಗರಿಯಲ್ಲೇ ಇರುವ ಒಬ್ಬ ಸ್ನೇಹಿತರ ಬಳಿಯೂ ಇರಲಿ. ಕಾಲಮಾನದ ವ್ಯತ್ಯಾಸ ಚಳಿಗಾಲದಲ್ಲಿ ಹನ್ನೆರಡೂವರೆ ಗಂಟೆ, ಅವನ ಸಂಜೆ ಆರು ನಿಮಗೆ ಮರುದಿನ ಬೆಳಿಗ್ಗೆ ಆರೂವರೆ. ಅಲ್ಲಿನ ಸ್ನೇಹಿತರು 911ಕ್ಕೆ ಫೋನ್ ಮಾಡಬಹುದು, ಶಿವಮೊಗ್ಗದಿಂದ ಆ ನಂಬರ್ ಹೋಗುವುದಿಲ್ಲ.

ಬೆಟ್ಟದಲ್ಲಿ ಬಹುತೇಕ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಉಪಗ್ರಹ ಸಂದೇಶ ಸಾಧನ ಒಯ್ಯುತ್ತಾನೆಯೇ ಕೇಳಿ. ಬ್ರಿಟಿಷ್ ಕೊಲಂಬಿಯಾದಲ್ಲಿ ಹುಡುಕಿ ಕಾಪಾಡುವ ತಂಡದವರು ಸ್ವಯಂಸೇವಕರು, ಹುಡುಕಾಟಕ್ಕೆ ಶುಲ್ಕ ಕೇಳುವುದಿಲ್ಲ. ಖರ್ಚಿಗೆ ಹೆದರಿ ಕರೆ ತಡ ಮಾಡಬಾರದು ಎಂದು ಅವನಿಗೂ ಹೇಳಿಡಿ. ತಡವಾದರೂ ಕ್ಷೇಮವಾಗಿ ಬಂದರೆ ಬಂದ ಕೂಡಲೇ ಆ ಸ್ನೇಹಿತರಿಗೆ ತಿಳಿಸಬೇಕು. ಇಲ್ಲದಿದ್ದರೆ ತಂಡದವರು ಕತ್ತಲಲ್ಲಿ, ಅದೇ ಕುಸಿಯುವ ಇಳಿಜಾರುಗಳ ಕೆಳಗೆ ಅವನನ್ನು ಹುಡುಕುತ್ತಾ ಇರುತ್ತಾರೆ.